ಎರಡರ ಮಗ್ಗಿ

ನಲವತ್ತು ದಿನದ ಕೋರ್ಸು. ಫೀಸಿನಲ್ಲಿ
ಊಟ, ವಸತಿ, ಒಂದು ಏಪ್ರನ್ನು ಸೇರಿದೆ.
ಮೊಬೈಲ್ ರಿಪೇರಿ ಅಂಗಡಿಯ ನೆತ್ತಿಯ ಮೇಲೆ
ಮೂರನೆಯ ಮಹಡಿ. ಕಿಟಕಿ ತೆರೆದರೆ ಹಳದಿ ನದಿ
ಲಾನ್‌ಝೋ ಪೇಟೆಯ ನಡುವೆ ಹಾದುಹೋಗುತ್ತದೆ,
ಯಾರೋ ಹಾಲಿನ ಚಹಾ ಚೆಲ್ಲಿ
ಒರೆಸುವುದನ್ನು ಮರೆತಂತೆ.

ಹದಿಮೂರು ಹುಡುಗರು, ಮೊನ್ನೆ ಮೊನ್ನೆ ಮೀಸೆ ಮೂಡಿದವರು.
ಮತ್ತೆ ನಾನು, ಡಿಂಗ್ ಶುವೇಲಾನ್, ನಲವತ್ತಮೂರು,
ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು.
ಬಿಡಿಸಿದ್ದು ಬಡತನ ಎಂದು ಎಲ್ಲರಿಗೂ ಹೇಳಿದ್ದೇನೆ.
ನಿಜವಾಗಿ ಮಗ್ಗಿ.
ಎರಡೆಂಟ್ಲೆ ಎನ್ನುವಲ್ಲಿ ನಾಲಗೆ ಕಚ್ಚಿಕೊಂಡು
ಮೇಷ್ಟರ ರೂಲುದೊಣ್ಣೆ
ಹದಿನಾರರ ಬದಲು ಅಂಗೈಯಲ್ಲಿ ಕೂತಿತು.

ಗುರುಗಳು ಸಾ ಜೆಂಗ್‌ಖುಯಿ. ಎಡಭುಜ ಸವೆದಿದೆ,
ನೀರಿನ ಲೋಟವೂ ಬಲಗೈಯಲ್ಲೇ.
ಮೊದಲ ದಿನದ ಪಾಠ ಇಷ್ಟು:
"ನಾದಿ. ನಾದಿ ಮುಗಿದ ಮೇಲೆ, ನಾದಿ."
ಆಮೇಲೆ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿ
ಸೂರ್ಯಕಾಂತಿ ಬೀಜ ಒಡೆಯುತ್ತ ಕೂತರು.
ಕಣ್ಣು ಬೆನ್ನಿನಲ್ಲೇ ಇರಬೇಕು:
"ಮೂರನೆಯ ಮೇಜು! ಸವರುವುದಕ್ಕೆ
ಅದೇನು ಬೆಕ್ಕೇ?"

ಹಿಟ್ಟಿಗೆ ಬೂದಿನೀರು ಹಾಕಬೇಕು.
ಹಿಂದೆಲ್ಲ ಮರಳುಗಾಡಿನ ಪೊದೆ ಸುಟ್ಟ ಬೂದಿ,
ಈಗ ಪೊಟ್ಟಣದ ಪುಡಿ; ಮೂಸಿದರೆ
ಬೆಂಕಿಕಡ್ಡಿ ಗೀರಿದ ವಾಸನೆ.
ಕಡಿಮೆಯಾದರೆ ಹಿಟ್ಟು ಮುನಿಯುತ್ತದೆ, ಹೆಚ್ಚಾದರೆ
ನಾಲಗೆಯ ಮೇಲೆ ಸಾಬೂನು.
ಎಷ್ಟು ಎಂದರೆ, "ಸಾಕು ಅನ್ನುವಷ್ಟು."

ಎಳೆ, ಎನ್ನುತ್ತಾರೆ. ಎಳೆಯುತ್ತೇನೆ, ಎಳೆಯಾಗುವುದಿಲ್ಲ.
ಒಂದು ಮಾರು ಚಾಚು, ಮಡಿಸು: ಎರಡು.
ಚಾಚು, ಮಡಿಸು: ನಾಲ್ಕು.
ನನ್ನದು ನಾಲ್ಕಕ್ಕೇ ತುಂಡು.
ಎಂಟು ದಿನ ನಾಲ್ಕು, ಹನ್ನೊಂದು ದಿನ ಎಂಟು.
ಪಕ್ಕದ ಮೇಜಿನ ಎರ್ಸಾ, ಗುಡ್ಡದೂರಿನ ಹುಡುಗ,
ಅರವತ್ತನಾಲ್ಕು ಮುಟ್ಟಿ ಹಲ್ಲು ಕಿಸಿದ.
ಅವನ ವಯಸ್ಸಿನ ಮಗ ನನಗಿದ್ದಿದ್ದರೆ
ಅವತ್ತು ಒಂದು ಬಿಗಿಯುತ್ತಿದ್ದೆ.

ಸೋತ ಹಿಟ್ಟೆಲ್ಲ ಸಂಜೆ ಒಂದು ಬಕೆಟ್ಟಿಗೆ,
ಬಕೆಟ್ಟು ಎದುರು ತಾರಸಿಯ ಕೋಳಿಗಳಿಗೆ.
ಈ ಬ್ಯಾಚಿನಲ್ಲಿ ಅವು ಕೊಬ್ಬಿದಷ್ಟು
ಯಾವ ಬ್ಯಾಚಿನಲ್ಲೂ ಕೊಬ್ಬಿಲ್ಲವಂತೆ.

ನನಗೆ ಹಿಟ್ಟಿನ ಮೂಟೆಗಳ ಕೋಣೆ, ಒಂದು ಮಡಚು ಮಂಚ.
ಒಮ್ಮೆ ನಡುರಾತ್ರಿ ನೀರಿಗೆಂದು ಎದ್ದಾಗ
ಹುಡುಗರ ಕೋಣೆಯ ಬಾಗಿಲು ಅರೆ ತೆರೆದಿತ್ತು.
ಕತ್ತಲಲ್ಲಿ, ಮಂಚದ ಮೇಲೆ ಮಂಚ,
ಹದಿಮೂರು ಜೊತೆ ಕೈಗಳು
ಏನೂ ಇಲ್ಲದ ಗಾಳಿಯನ್ನು
ಚಾಚುತ್ತಿದ್ದವು, ಮಡಿಸುತ್ತಿದ್ದವು.
ಯಾರೂ ಮಾತಾಡುತ್ತಿರಲಿಲ್ಲ.
ನೀರು ಕುಡಿಯದೇ ವಾಪಸಾದೆ,
ಮೂಟೆಗಳ ನಡುವೆ ಕೂತು ನಾನೂ.

ಇಪ್ಪತ್ತಮೂರನೆಯ ದಿನ ನಾನು ಬೇರೇನನ್ನೋ ನೆನೆಯುತ್ತಿದ್ದೆ.
ಹೆದ್ದಾರಿಯ ಪೆಟ್ರೋಲ್ ಬಂಕು, ಪಕ್ಕದ ಖಾಲಿ ಶೆಡ್ಡು,
ಅದರ ಬಾಡಿಗೆ, ತಂಗಿಯ ಹತ್ತಿರ ಪಡೆದ ಸಾಲ,
ಲಾರಿ ಡ್ರೈವರುಗಳು ಉಪ್ಪು ಜಾಸ್ತಿ ಕೇಳುತ್ತಾರೋ ಏನೋ.
ಕೈ ಅದರ ಪಾಡಿಗೆ ಅದು.
ಎರ್ಸಾನೇ ಎಣಿಸಿದ, ಮೊದಲು ಪಿಸುದನಿಯಲ್ಲಿ:
ಎಂಟು. ಹದಿನಾರು.
ಹದಿನಾರು!
ಮೂವತ್ತೆರಡು, ಆಂಟೀ, ನಿಲ್ಲಿಸಬೇಡಿ, ಅರವತ್ತನಾಲ್ಕು,
ನೂರ ಇಪ್ಪತ್ತೆಂಟು ಎಂದು ಅವನು ಕೂಗಿದಾಗ
ಹೆದರಿ ನಿಲ್ಲಿಸಿದೆ.
ಮೇಜಿನ ಎರಡೂ ಬದಿ ಮುಟ್ಟುವಷ್ಟು ಉದ್ದ, ಹಿಟ್ಟಿನ ಹುಡಿ ಹೊದ್ದು
ನನ್ನ ಎರಡು ಕೈಗಳ ನಡುವೆ
ಮುದುಕಿಯ ಬಿಚ್ಚಿದ ತುರುಬು.

ಕುರ್ಚಿ ತಿರುಗಿತು. ಗುರುಗಳು ಬಟ್ಟಲು ಚಾಚಿದರು, ಬಲಗೈಯಲ್ಲೇ.
ಬೇಯಿಸಿ, ಮೂಲಂಗಿ ಹಾಕಿ, ಸಾರು ಸುರಿದು ಕೊಟ್ಟೆ.
ಸುರ್ರೆಂದು ತಿಂದರು, ಸಾರನ್ನೂ ಕುಡಿದರು.
"ಸಾರಿಗೆ ಉಪ್ಪು ಕಮ್ಮಿ," ಎಂದರು.
ಬೀಜದ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಮರೆತು ಹೋದರು.

ಆ ಸಂಜೆ ಬಕೆಟ್ಟು ಹಗುರ.
ಕೋಳಿಗಳು ತಾರಸಿಯ ಕಟ್ಟೆ ಮೇಲೆ ಸಾಲಾಗಿ ನಿಂತು
ನನ್ನನ್ನೇ ನೋಡಿದವು. ಒಳ್ಳೆಯ ಹಿಟ್ಟನ್ನೇ
ಒಂದು ಹಿಡಿ ಕಿತ್ತು ಎಸೆದು, ಹೊಸ ಚಟಕ್ಕೆ ಬಿದ್ದವಳು
ಎರಡೆರಡಾಗಿ ಎಣಿಸಿದೆ:
ಎರಡು, ನಾಲ್ಕು, ಆರು...
ನಿನ್ನೆ ಎಂಟಿದ್ದವು.
ಕೊನೆಯದಕ್ಕೆ ಜೊತೆಯಿಲ್ಲ.
ರಾತ್ರಿ ಊಟಕ್ಕೆ ಏನೆಂದು ನಾನು ಕೇಳಲಿಲ್ಲ.